ಹಡಗು ಹತ್ತಿದ ದಿನದ ಪಂಕ್ತಿ

ಹಡಗು ಹತ್ತುವ ದಿನ ಮಧ್ಯಾಹ್ನ ಕೂತು ಉಣ್ಣುವ ಜಾಗವೂ ಒಂದಿರುತ್ತದೆ ಎಂದು ನನಗೆ ಹೇಳಿದ್ದು ಕಡೂರಿನ ಟ್ರಾವೆಲ್ ಆಫೀಸಿನ ಹೆಂಗಸು. ಆಕೆ ಒಮ್ಮೆ ಹೋಗಿ ಬಂದವಳು. ಹತ್ತಿದ ತಕ್ಷಣ ಜನರೆಲ್ಲ ಮೇಲಿನ ಮಹಡಿಗೆ ಓಡಿ, ತಟ್ಟೆ ಹಿಡಿದು ಸಾಲು ನಿಂತು, ಸಿಕ್ಕಿದ್ದನ್ನು ಹಾಕಿಕೊಂಡು, ಸಿಕ್ಕಿದ ಕುರ್ಚಿಯಲ್ಲಿ ಕೂತು ತಿನ್ನುತ್ತಾರಂತೆ. "ಕೆಳಗಡೆ ಊಟದ ಹಾಲ್ ಒಂದಿರುತ್ತೆ ಮೇಡಂ. ಟೇಬಲ್ ಮೇಲೆ ಬಟ್ಟೆ ಹಾಸಿ ಅವರೇ ಬಡಿಸ್ತಾರೆ. ಮೊದಲ್ನೇ ದಿನ ಅಲ್ಲಿಗೆ ಯಾರೂ ಹೋಗಲ್ಲ, ಗೊತ್ತೇ ಇರಲ್ಲ" ಎಂದಳು. ನಾನು ಕೇಳಿದ್ದು ಒಂದೇ ಪ್ರಶ್ನೆ. "ಆರು ಜನ ಒಂದೇ ಟೇಬಲ್ಲಿಗೆ ಕೂರಬಹುದಾ?" ಧಾರಾಳವಾಗಿ ಎಂದಳು. ಸರಿ, ಬುಕ್ ಮಾಡಿ ಎಂದೆ. ಸಮುದ್ರ ಹೇಗಿರುತ್ತದೆ, ರೂಮಿಗೆ ಕಿಟಕಿ ಇದೆಯೇ, ಹಡಗು ಎಲ್ಲೆಲ್ಲಿಗೆ ಹೋಗುತ್ತದೆ, ಯಾವುದನ್ನೂ ಕೇಳಲಿಲ್ಲ. ಹೊರಗೆ ಬಂದ ಮೇಲೆ ನನ್ನ ಯಜಮಾನರು, "ಹೋಗೋದು ಎಲ್ಲಿಗೆ ಅಂತನಾದ್ರೂ ಕೇಳ್ಬೇಕಿತ್ತು ಕಣೇ" ಎಂದರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು ಅವರು, ಮುಟ್ಟುವ ಊರು ಗೊತ್ತಿಲ್ಲದೆ ಯಾವ ಗಾಡಿಯನ್ನೂ ಹತ್ತಿದವರಲ್ಲ. "ಎಲ್ಲಿಗಾದ್ರೂ ಹೋಗ್ಲಿ ಬಿಡ್ರೀ, ಊಟಕ್ಕೆ ಕೂರಿಸ್ತಾರಲ್ಲ" ಎಂದೆ.

ಈ ಟೇಬಲ್ಲಿನ ಹಟ ನನಗೇಕೆ ಎಂಬುದನ್ನು ಮೊದಲು ಹೇಳಬೇಕು. ನಾನು ತರೀಕೆರೆಯಲ್ಲಿ ನರ್ಸ್ ಆಗಿದ್ದವಳು. ಮನೆ ಬೀರೂರಿನಲ್ಲಿ, ದಿನವೂ ಶಿವಮೊಗ್ಗದ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಹೆರಿಗೆ ವಾರ್ಡಿನಲ್ಲಿ ಕೂಗಿ ಕೂಗಿ ಗಂಟಲು ಬೆಳೆದಿರುವುದರಿಂದ ಮನೆಯಲ್ಲಿ ನಾನು ಸುಮ್ಮನೆ ಮಾತಾಡಿದರೂ ಬೈದ ಹಾಗೆ ಕೇಳುತ್ತದೆ ಎನ್ನುತ್ತಾರೆ. ಎಷ್ಟೋ ಸಲ ಬೈದೇ ಇರುತ್ತೇನೆ. ತವರು ಅಜ್ಜಂಪುರದ ಆಚೆ, ಶಿವನಿ ಸ್ಟೇಷನ್ನಿನಲ್ಲಿ ಇಳಿದು ನಡೆದು ಹೋಗುವಷ್ಟು ದೂರದ ಹಳ್ಳಿ. ನನಗೆ ಮೇಲೊಬ್ಬ ಅಣ್ಣ, ಕೆಳಗೊಬ್ಬ ತಮ್ಮ. ಇಬ್ಬರೂ ಊರಿನಲ್ಲೇ ಇದ್ದಾರೆ, ಒಂದೇ ಬೀದಿಯಲ್ಲಿ, ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರಿಗೆ ಘಮ್ಮೆನ್ನುವಷ್ಟು ಹತ್ತಿರ.

ಅಪ್ಪ ತೀರಿಕೊಂಡ ಮೇಲೆ ತೆಂಗಿನ ತೋಟ, ಹೊಲ ಎಲ್ಲ ಪಾಲಾಯಿತು. ಪಾಲು ಮಾಡುವಾಗ ಜಗಳ ಆಗಲಿಲ್ಲ. ಆದದ್ದು ಆಮೇಲೆ, ದಾರಿಗೆ. ರಸ್ತೆ ಕಡೆಯ ತೋಟ ಅಣ್ಣನಿಗೆ ಬಂದಿತ್ತು, ಹಿಂದಿನದು ತಮ್ಮನಿಗೆ. ತಮ್ಮ ಅಣ್ಣನ ಬದುವಿನ ಮೇಲೆ ಹಾದು ಹೋಗುತ್ತಿದ್ದ, ಯಾರೂ ಬೇಡ ಎಂದಿರಲಿಲ್ಲ. ಟ್ರ್ಯಾಕ್ಟರ್ ಕೊಂಡ ಮೇಲೆ ಬದು ಸಾಲದೆ ಹೋಯಿತು. ಅಣ್ಣನನ್ನು ಒಂದು ಮಾತು ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈ ಪುಣ್ಯಾತ್ಮ ಕೇಳುವ ಬದಲು ಸರ್ವೆಗೆ ಅರ್ಜಿ ಹಾಕಿದ. ಒಂದು ಬೆಳಗ್ಗೆ ಅಣ್ಣ ತೋಟಕ್ಕೆ ಹೋದರೆ ಸರ್ವೆಯವರು ಅಳತೆ ಹಿಡಿದು ನಿಂತಿದ್ದಾರೆ, ತಮ್ಮ ಅವರಿಗೆ ಎಳನೀರು ಕೆತ್ತಿ ಕೊಡುತ್ತಿದ್ದಾನೆ. ಎಳನೀರು ಅಣ್ಣನ ಮರದ್ದು. ದಾರಿಗೆ ಹೋದ ಜಾಗದ ಬಗ್ಗೆ ಅಣ್ಣ ಇವತ್ತಿಗೂ ಏನೂ ಅನ್ನುವುದಿಲ್ಲ. ಆ ಎಳನೀರು ಮಾತ್ರ ಅವನ ಗಂಟಲಿನಲ್ಲೇ ನಿಂತುಬಿಟ್ಟಿತು.

ಅವತ್ತು ಅಲ್ಲಿದ್ದವರೆಲ್ಲರ ಎದುರಿಗೆ ಅಣ್ಣ, "ಇನ್ಮೇಲೆ ಇವ್ನು ಕೂತ ಪಂಕ್ತೀಲಿ ನಾನು ಕೂರಲ್ಲ" ಎಂದ. ತಮ್ಮನೇನು ಕಡಿಮೆಯವನಲ್ಲ. "ಕೂರ್ಬ್ಯಾಡ. ನಾನೇನ್ ಎಲೆ ಹಾಕಿ ಕರ್ದಿದ್ನಾ?" ಎಂದ.

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಕೋರ್ಟಿಗೆ ಅಲೆಯುತ್ತಾರೆ, ಯಾವುದೋ ಮದುವೆಯಲ್ಲಿ ಮತ್ತೆ ಒಂದಾಗುತ್ತಾರೆ. ಪಂಕ್ತಿ ಬಿಟ್ಟವರು ಒಂದಾಗುವುದು ಕಷ್ಟ, ಯಾಕೆಂದರೆ ಒಂದಾಗುವ ಜಾಗವೇ ಅದು. ಇವರಿಬ್ಬರೂ ಪೂರ್ತಿ ಮಾತು ಬಿಟ್ಟಿರಲಿಲ್ಲ. ಮೋಟಾರು ಸುಟ್ಟರೆ, ದನ ತಪ್ಪಿಸಿಕೊಂಡರೆ, ಊರಲ್ಲಿ ಸಾವಾದರೆ ಎಷ್ಟು ಬೇಕೋ ಅಷ್ಟು ಆಡುತ್ತಿದ್ದರು. ಆದರೆ ಎಲೆ ಹಾಸಿದ ಕೂಡಲೇ ಇಬ್ಬರಲ್ಲಿ ಒಬ್ಬರಿಗೆ ಹೊರಗೆಲ್ಲೋ ಅರ್ಜೆಂಟ್ ಕೆಲಸ ನೆನಪಾಗುತ್ತಿತ್ತು. ನೆಂಟರಿಷ್ಟರಿಗೂ ಅಭ್ಯಾಸವಾಯಿತು. ಅಣ್ಣ ಮೊದಲ ಪಂಕ್ತಿಗೆ, ತಮ್ಮ ಎರಡನೆಯದಕ್ಕೆ. ಬಡಿಸುವವರೇ ಬಂದು, "ನಿಮ್ಮಣ್ಣೋರ್ದು ಆಯ್ತು, ನೀವಿನ್ನು ಬರ್ಬೋದು" ಎಂದು ತಮ್ಮನನ್ನು ಕರೆಯುತ್ತಿದ್ದರು.

ಇದರಲ್ಲಿ ನುಜ್ಜುಗುಜ್ಜಾದವಳು ನಾನು. ತವರಿಗೆ ಹೋದರೆ ಎರಡು ಊಟ. ಅಣ್ಣನ ಮನೆಯಲ್ಲಿ ಹೋಳಿಗೆ ತಿಂದು ಬಾಯಿ ಒರೆಸಿಕೊಳ್ಳುವ ಹೊತ್ತಿಗೆ ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, "ನಮ್ಮನೇದೂ ಆಗೈತೆ ಬನ್ನಿ ಅತ್ಗೇಮ್ಮ" ಎನ್ನುತ್ತಿದ್ದಳು. ಒಂದು ಕಡೆ ಅರ್ಧ ಹೊಟ್ಟೆ ಉಂಡರೆ ಇನ್ನೊಂದು ಕಡೆಯವರು ಕಂಡುಹಿಡಿಯುತ್ತಿದ್ದರು. ನನಗೆ ಸಕ್ಕರೆ ಕಾಯಿಲೆ ಬಂದದ್ದು ಇವರಿಬ್ಬರ ಹೋಳಿಗೆಯಿಂದ ಎಂದು ಡಾಕ್ಟರಿಗೇ ಹೇಳಿದ್ದೇನೆ. ಬೀರೂರಿನ ಮನೆಯ ಗೃಹಪ್ರವೇಶದ ದಿನ ಇನ್ನೂ ಚೆನ್ನಾಗಿತ್ತು. ಅಣ್ಣನ ಪಕ್ಕ ಕೂತರೆ ತಮ್ಮನಿಗೆ ಮುಖ ಊದುತ್ತದೆ, ತಮ್ಮನ ಪಕ್ಕ ಕೂತರೆ ಅಣ್ಣನಿಗೆ. ಎರಡೂ ಪಂಕ್ತಿಗೆ ಬಡಿಸುತ್ತಾ ಓಡಾಡಿ, ಕೊನೆಗೆ ಅಡುಗೆಯವರ ಜೊತೆ ಕೂತು ಉಂಡೆ. ನನ್ನ ಮನೆ, ನನ್ನ ಒಕ್ಕಲು, ನನ್ನ ಒಡಹುಟ್ಟಿದವರು, ನಾನು ಮಾತ್ರ ತೊಳೆಯುವ ಪಾತ್ರೆಗಳ ಪಕ್ಕ. ಅವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ರಿಟೈರ್ ಆದಾಗ ಜೊತೆಯವರು ಏನು ಮಾಡ್ತೀರಿ ಸಿಸ್ಟರ್, ಕಾಶಿಗೆ ಹೋಗ್ತೀರಾ ಎಂದು ಕೇಳಿದರು. ನನಗೆ ಬೇಕಾಗಿದ್ದದ್ದು ಒಂದೇ. ಇಬ್ಬರ ಜೊತೆ ಒಂದು ಸಲ, ಒಂದೇ ಒಂದು ಸಲ, ಒಟ್ಟಿಗೆ ಕೂತು ಉಣ್ಣಬೇಕು. ಎರಡನೇ ಪಂಕ್ತಿ ಎಂಬುದೇ ಇಲ್ಲದ, ನೆಂಟರಿಲ್ಲದ, ಎದ್ದು ಹೋದರೆ ಹೋಗಲು ಜಾಗವಿಲ್ಲದ ಕಡೆ ಯಾವುದು ಎಂದು ಯೋಚಿಸುತ್ತಿದ್ದೆ. ಆಗ ಟಿವಿಯಲ್ಲಿ ಮುಂಬೈಯಿಂದ ಹೊರಡುವ ಹಡಗನ್ನು ತೋರಿಸಿದರು. ಸುತ್ತಲೂ ನೀರು. ಇದೇ ಸರಿ ಎನ್ನಿಸಿತು.

ಇಬ್ಬರಿಗೂ ಫೋನು ಮಾಡಿ, ಹೆಂಡತಿಯನ್ನೂ ಕರೆದುಕೊಂಡು ಬಾ, ಇನ್ನೊಬ್ಬನೂ ಬರುತ್ತಾನೆ ಎಂದು ನೇರವಾಗಿಯೇ ಹೇಳಿದೆ. ಸುಳ್ಳು ಹೇಳಿ ಕರೆದುಕೊಂಡು ಹೋಗುವ ಬುದ್ಧಿ ನನಗಿಲ್ಲ. ತಮ್ಮ ತಕ್ಷಣ ಒಪ್ಪಿದ. ಅಣ್ಣ ಸ್ವಲ್ಪ ಹೊತ್ತು ಕೆಮ್ಮಿದ. "ಅವ್ನು ಬತ್ತಾನಾ?" ಎಂದ. ಬರ್ತಾನೆ ಎಂದೆ. "ಹಂಗಾರೆ ನಾನ್ಯಾಕ್ ಬಿಡ್ಲಿ? ತಂಗಿ ಕರುದ್ರೆ ಅವ್ನ್ ಹೋದ, ಇವ್ನ್ ಹೋಗ್ಲಿಲ್ಲ ಅಂತ ಊರೋರು ಆಡ್ಕಳಾಕಾ? ಬತ್ತೀನಿ. ಊಟಕ್ಕೆ ಮಾತ್ರ ನಂದು ಬ್ಯಾರೆ." ಅದನ್ನು ಆಮೇಲೆ ನೋಡೋಣ ಬಾ ಎಂದು ಫೋನಿಟ್ಟೆ.

ಮುಂಬೈ ರೈಲು ಅವರ ಊರಿನ ಪಕ್ಕದಲ್ಲೇ ಹೋಗುತ್ತದೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಇಬ್ಬರೂ ಹಿಂದಕ್ಕೆ ಬೀರೂರಿಗೆ ಬಂದು ಹತ್ತಬೇಕಾಯಿತು. ಒಬ್ಬರು ಬಸ್ಸಿನಲ್ಲಿ ಬಂದರೆ ಇನ್ನೊಬ್ಬರು ಪ್ಯಾಸೆಂಜರಿನಲ್ಲಿ ಬಂದರು. ಅಣ್ಣ ಹೊಸ ಬಿಳಿ ಪಂಚೆ ಉಟ್ಟು ಕಡೂರಿನಲ್ಲಿ ಕೊಂಡ ಬೂಟು ಹಾಕಿದ್ದ, ಕಾಲು ಕಚ್ಚುತ್ತಿತ್ತು, ಒಪ್ಪಿಕೊಳ್ಳುತ್ತಿರಲಿಲ್ಲ. ಸಂಜೆ ರೈಲು ಅಜ್ಜಂಪುರ ದಾಟಿ ಶಿವನಿ ಕಡೆ ಓಡುವಾಗ ಇಬ್ಬರೂ ಎದ್ದು ಬೇರೆ ಬೇರೆ ಕಿಟಕಿಗೆ ಹೋದರು. ತೋಟದ ಕಡೆ ಇಬ್ಬರೂ ಕತ್ತು ಚಾಚಿ ನೋಡಿದರು. ಅಣ್ಣ ನನ್ನ ಯಜಮಾನರಿಗೆ, "ಹಿಂದಿನ್ ತ್ವಾಟ್ದಾಗೆ ನೀರು ಹಂಗೇ ಬಿಟ್ಟವ್ರೆ, ಹರ್ದು ಹೋಗ್ತಾ ಐತೆ" ಎಂದ. ಹಿಂದಿನ ತೋಟದವನು ಮೂರು ಸೀಟು ಆಚೆಗೇ ಇದ್ದ. ಕೇಳಿಸಿಕೊಂಡು ಫೋನು ತೆಗೆದು ಮನೆಗೆ ಹೇಳಿ ಮೋಟಾರು ನಿಲ್ಲಿಸಿದ. ರಾತ್ರಿಯ ಊಟ ಅಣ್ಣ ಮನೆಯಲ್ಲೇ ಮುಗಿಸಿ ಬಂದಿದ್ದೇನೆ ಎಂದ. ಸಂಜೆಗೇ ರಾತ್ರಿಯ ಊಟ ಮಾಡಿದ ಮನುಷ್ಯನನ್ನು ನಾನು ಆಸ್ಪತ್ರೆಯ ಹೊರಗೆ ನೋಡಿದ್ದು ಅದೇ ಮೊದಲು.

ಬಂದರಿನಲ್ಲಿ ನಮ್ಮನ್ನು ಏರ್‌ಪೋರ್ಟಿನ ಹಾಗೆ ಸಾಲು ಸಾಲಾಗಿ ನಿಲ್ಲಿಸಿದರು. ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಒಯ್ದರು, ರೂಮಿನ ಬಾಗಿಲಿಗೇ ಬರುತ್ತವಂತೆ. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ತನ್ನ ಪೆಟ್ಟಿಗೆ ಹೋದ ದಿಕ್ಕನ್ನೇ ನೋಡುತ್ತಾ ನಿಂತಳು. ಒಬ್ಬೊಬ್ಬರದೂ ಫೋಟೋ ತೆಗೆದು ಒಂದೊಂದು ಕಾರ್ಡು ಕೊಟ್ಟರು. ಹಡಗಿನೊಳಗೆ ಕಾಲಿಟ್ಟಾಗ ಅದು ಹಡಗು ಎಂದು ಅನ್ನಿಸಲೇ ಇಲ್ಲ. ದೊಡ್ಡ ಕಲ್ಯಾಣ ಮಂಟಪಕ್ಕೆ ಲಿಫ್ಟ್ ಹಾಕಿದ ಹಾಗಿತ್ತು. ರೂಮುಗಳು ಇನ್ನೂ ತಯಾರಾಗಿಲ್ಲ, ಅಲ್ಲಿಯವರೆಗೆ ಮೇಲಿನ ಮಹಡಿಯಲ್ಲಿ ಊಟ ಮಾಡಿ ಎಂದು ಮೈಕಿನಲ್ಲಿ ಕೂಗಿದರು. ಜನ ದಬದಬ ಓಡಿದರು. ಅಣ್ಣನೂ ಅವರ ಹಿಂದೆ ಹೊರಟ. ತಟ್ಟೆ ಹಿಡಿದು ಎಲ್ಲಾದರೂ ಮೂಲೆಯಲ್ಲಿ ನಿಂತು ತಿಂದರೆ ಯಾವ ಪಂಕ್ತಿಯ ತಂಟೆಯೂ ಇಲ್ಲವೆಂದು ಅವನಿಗೆ ಆಗಲೇ ಹೊಳೆದಿತ್ತು. ನಾನು ಅವನ ತೋಳು ಹಿಡಿದೆ. "ಮೇಲಲ್ಲ, ಕೆಳಗೆ" ಎಂದೆ. ವಾರ್ಡಿನ ದನಿಯಲ್ಲಿ ಹೇಳಿದೆನೋ ಏನೋ, ಹಿಂದೆ ಇದ್ದ ಗುಜರಾತಿ ಕುಟುಂಬವೊಂದು ಕೂಡ ನಿಂತುಬಿಟ್ಟಿತು.

ಊಟದ ಹಾಲ್ ನಿಜಕ್ಕೂ ಅರ್ಧ ಖಾಲಿ ಇತ್ತು. ಬಿಳಿ ಬಟ್ಟೆ ಹಾಸಿದ ಮೇಜುಗಳು, ಒಂದೊಂದು ತಟ್ಟೆಯ ಎರಡು ಕಡೆಗೂ ಚಮಚಗಳು. ಬಾಗಿಲಲ್ಲಿ ಕೋಟು ಹಾಕಿದ ಹೆಂಗಸು ಎಷ್ಟು ಜನ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಆರು ಎನ್ನುವಷ್ಟರಲ್ಲಿ ನನ್ನ ಹೆಗಲ ಮೇಲಿಂದ ಒಂದು ಕೈ ಮುಂದೆ ಬಂತು. ಅಣ್ಣ ನಾಲ್ಕು ಬೆರಳು ತೋರಿಸಿ ನಮ್ಮ ಕಡೆ ಆಡಿಸಿದ, ಆಮೇಲೆ ಎರಡು ತೋರಿಸಿ ತನ್ನ ಎದೆಗೆ ಮುಟ್ಟಿಸಿಕೊಂಡ. ಭಾಷೆ ಬಾರದವನಿಗೆ ಎಂಥ ಸ್ಪಷ್ಟ ಭಾಷೆ! ಆಕೆ ನಗುತ್ತಾ ತಲೆಯಾಡಿಸಿ ನಮ್ಮನ್ನು ನಾಲ್ಕು ಜನರ ಮೇಜಿಗೆ, ಅಣ್ಣ ಅತ್ತಿಗೆಯನ್ನು ಅದರ ಪಕ್ಕದ ಇಬ್ಬರ ಮೇಜಿಗೆ ಕೂರಿಸಿದಳು.

ನನಗೆ ತಲೆ ಕೆಟ್ಟುಹೋಯಿತು. ಬೀರೂರಿನಿಂದ ಮುಂಬೈಗೆ ಕರೆತಂದು, ನೀರಿನ ಮೇಲೆ ಹತ್ತಿಸಿದರೂ ಪಂಕ್ತಿ ಎರಡೇ. "ಏನಣ್ಣಾ ಇದು?" ಎಂದೆ. "ನಾನ್ ಮೊದ್ಲೇ ಹೇಳಿದ್ನಲ್ಲ ಕಣವ್ವ" ಎಂದು ಅಣ್ಣ ನಮಗೆ ಬೆನ್ನು ಹಾಕಿ ಗೋಡೆ ಕಡೆ ಮುಖ ಮಾಡಿ ಕೂತ. ನಾನು ಒಂದು ಕುರ್ಚಿ ಎಳೆದು ಎರಡೂ ಮೇಜುಗಳ ನಡುವೆ ಹಾಕಿಕೊಂಡೆ. ಬಡಿಸುವವನು ಓಡಿ ಬಂದು, ಓಡಾಡುವ ದಾರಿಯಲ್ಲಿ ಕೂರಬಾರದು ಮೇಡಂ ಎಂದು ಬಹಳ ಮರ್ಯಾದೆಯಿಂದ ಕುರ್ಚಿ ತೆಗೆದುಕೊಂಡು ಹೋದ. ಕೊನೆಗೆ ತಮ್ಮನ ಮೇಜಿನಲ್ಲೇ, ಅಣ್ಣನ ಬೆನ್ನಿಗೆ ನನ್ನ ಬೆನ್ನು ತಾಗುವಂಥ ಕುರ್ಚಿಯಲ್ಲಿ ಕೂತೆ. ಯಜಮಾನರು ಮೆಲ್ಲಗೆ, "ಬಿಪಿ ಮಾತ್ರೆ ಪೆಟ್ಟಿಗೇಲಿದ್ಯಾ, ಕೈಚೀಲದಲ್ಲಿದ್ಯಾ?" ಎಂದರು.

ಮೆನು ಓದಿ ಆರು ಜನಕ್ಕೂ ಮಾಂಸವಿಲ್ಲದ್ದು ಹೇಳಿದೆ. ಮೊದಲು ಟೊಮೆಟೊ ಸೂಪು ಬಂತು, ನಮ್ಮ ಮೇಜಿಗೆ ಮಾತ್ರ. ನಾಲ್ಕು ಬಟ್ಟಲು ಇಟ್ಟು, ಬಡಿಸುವವನು ಕೈಕಟ್ಟಿ ಕಂಬದ ಬಳಿ ನಿಂತ. ಯಾರೂ ಮುಟ್ಟಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ನಮ್ಮಲ್ಲಿ ಎಲೆಯ ಮುಂದೆ ಕೂತವನು ಉಪ್ಪು ಬಿತ್ತು ಎಂದು ತಿನ್ನಲು ಶುರು ಮಾಡುವುದಿಲ್ಲ. ಪಲ್ಯ, ಕೋಸಂಬರಿ, ಅನ್ನ, ತೊವ್ವೆ ಎಲ್ಲ ಬಂದು, ಸಾಲಿನ ಕೊನೆಯವನವರೆಗೂ ಬಡಿಸಿ ಆಗಿ, ಪಂಕ್ತಿಯಲ್ಲಿ ಹಿರಿಯನಾದವನು ಉಣ್ಣಿ ಎಂದ ಮೇಲೆಯೇ ಕೈ ಹಾಕುವುದು. ಹಸಿದು ಪ್ರಾಣ ಹೋಗುತ್ತಿದ್ದರೂ ಅಷ್ಟೇ. ಹಡಗಿನವರ ಪದ್ಧತಿ ಇದಕ್ಕೆ ತೀರಾ ಉಲ್ಟಾ. ಒಂದು ತಿಂದು ಮುಗಿಸಿದರೆ ಅದರ ಬಟ್ಟಲು ಎತ್ತಿ ಇನ್ನೊಂದು ತರುತ್ತಾರೆ. ನಾವು ಉಳಿದದ್ದೆಲ್ಲ ಬರಲಿ ಎಂದು ಕಾಯುತ್ತಾ ಕೂತೆವು, ಅವನು ನಾವು ಇದನ್ನು ಮುಗಿಸಲಿ ಎಂದು ಕಾಯುತ್ತಾ ನಿಂತ. ನನಗಾದರೂ ಹೊಳೆಯಬೇಕಿತ್ತು. ನಾನು ಅಣ್ಣನ ಬೆನ್ನಿನ ಮೇಲಿನ ಸಿಟ್ಟಿನಲ್ಲಿ ಮುಳುಗಿದ್ದೆ. ಸೂಪಿನ ಮೇಲೆ ಕೆನೆ ಕಟ್ಟಿತು.

ಬಡಿಸುವವನು ಬಂದು ಬಗ್ಗಿ ನೋಡಿದ, ಹೋದ. ಮತ್ತೆ ಬಂದ. ಯಜಮಾನರು ಚಮಚ ಎತ್ತಿದರು. ತಮ್ಮ ಹಾಗೇ ಕೂತಿರುವುದನ್ನು ನೋಡಿ ಇಳಿಸಿದರು. ಆಗ ನನಗೆ ವಿಷಯ ಅರ್ಥವಾಗಿ, "ಶುರು ಮಾಡೋ, ಇಲ್ಲಿ ಒಂದೊಂದೇ ಕೊಡೋದಂತೆ" ಎಂದು ತಮ್ಮನಿಗೆ ಹೇಳಿದೆ.

ತಮ್ಮ, "ಎಲ್ರಿಗೂ ಬಂದಿಲ್ವಲ್ಲಕ್ಕ" ಎಂದ.

"ನಾಲ್ಕು ಬಟ್ಟಲು ಬಂದಿದೆಯಲ್ಲೋ. ಇನ್ನು ಯಾರಿಗೆ ಬರ್ಬೇಕು?"

ತಮ್ಮ ನನ್ನ ಮುಖ ನೋಡಲಿಲ್ಲ. ಮೇಜಿನ ಬಟ್ಟೆಯ ಅಂಚನ್ನು ಸರಿ ಮಾಡುತ್ತಾ, "ಅಣ್ಣಂಗ್ ಬಂದಿಲ್ಲ" ಎಂದ.

ಅವನು ದನಿ ಎತ್ತಿ ಹೇಳಲಿಲ್ಲ. ಕೇಳಲಿ ಎಂದೂ ಹೇಳಲಿಲ್ಲ. ನಲವತ್ತು ವರ್ಷ ಅಪ್ಪನ ಮನೆಯಲ್ಲಿ ಅಣ್ಣನ ಎಲೆ ನೋಡಿಯೇ ಕೈ ಹಾಕಿದವನು, ಅಭ್ಯಾಸದಲ್ಲಿ ಬಂದ ಮಾತು. ಆದರೆ ನನ್ನ ಬೆನ್ನಿಗೆ ತಾಗಿದ್ದ ಕುರ್ಚಿ ಒಂದು ಸಲ ಕಿರ್ರ್ ಎಂದಿತು. ಅಣ್ಣ ತಿರುಗಲಿಲ್ಲ. ಅತ್ತಿಗೆ ಮಾತ್ರ ಅವನ ಎದುರಿಗೆ ಕೂತಿದ್ದರಿಂದ ಕತ್ತು ಹೊರಳಿಸಿದರೆ ನನಗೆ ಕಾಣುತ್ತಿದ್ದಳು. ಅವಳು ಅಣ್ಣನ ಮುಖವನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪಂಕ್ತಿ ಬೇರೆ ಬೇರೆ ಮಾಡಿದ ಇಷ್ಟು ವರ್ಷದಲ್ಲಿ ಯಾರು ಯಾರಿಗೆ ಕಾಯಬೇಕು ಎಂಬ ಪ್ರಶ್ನೆ ಏಳಲೇ ಇಲ್ಲವಲ್ಲ ಎಂದು ನನಗೆ ಆಗ ಹೊಳೆಯಿತು. ಒಬ್ಬ ಉಂಡು ಎದ್ದು ಎಲೆ ತೆಗೆದ ಮೇಲೆ ಇನ್ನೊಬ್ಬ ಕೂರುತ್ತಿದ್ದ. ಇಬ್ಬರ ಎದುರಿಗೂ ಒಂದೇ ಹೊತ್ತಿಗೆ ಊಟ ಇಟ್ಟವರೇ ಇಲ್ಲ.

ಅಷ್ಟರಲ್ಲಿ ಅಣ್ಣನ ಮೇಜಿಗೂ ಸೂಪು ಬಂತು. ಸರಿ, ಇನ್ನು ಶುರುವಾಗುತ್ತದೆ ಎಂದುಕೊಂಡೆ. ಅಣ್ಣನೂ ಮುಟ್ಟಲಿಲ್ಲ. "ಬರೀ ಸಾರು ಕೊಟ್ಟೋದ್ನಲ್ಲ, ಅನ್ನ ಎಲ್ಲೇ?" ಎಂದು ಅತ್ತಿಗೆಯನ್ನು ಕೇಳಿದ್ದು ಕೇಳಿಸಿತು. ಈಗ ಎರಡು ಮೇಜಿನಲ್ಲಿ ಆರು ಬಟ್ಟಲು ತಣ್ಣಗಾಗುತ್ತಿದ್ದವು. ಬಡಿಸುವವನು ಹೋಗಿ ಅವನ ಮೇಲಿನವನನ್ನು ಕರೆತಂದ. ಹಣೆಗೆ ಕುಂಕುಮ ಇಟ್ಟಿದ್ದ, ನಮ್ಮ ವಯಸ್ಸಿನ ಮನುಷ್ಯ. ಊಟ ಹಿಡಿಸಲಿಲ್ಲವೇ, ಏನಾದರೂ ತಪ್ಪಾಯಿತೇ ಎಂದು ನನ್ನನ್ನು ಕೇಳಿದ. ನಾನು ನನಗೆ ಬರುವ ಇಂಗ್ಲಿಷಿನಲ್ಲಿ, ತಪ್ಪೇನೂ ಇಲ್ಲ, ಅಣ್ಣ ಶುರು ಮಾಡುವವರೆಗೂ ಇವರು ಯಾರೂ ತಿನ್ನುವುದಿಲ್ಲ ಎಂದೆ. ಅವನಿಗೆ ಕೂಡಲೇ ಅರ್ಥವಾಯಿತು. ಅಣ್ಣ ಯಾರು ಎಂದು ಕೇಳಿದ. ಹಿಂದಕ್ಕೆ ಬೆರಳು ತೋರಿಸಿದೆ. ಅವನು ಸುತ್ತಿ ಹೋಗಿ ಅಣ್ಣನ ಮುಂದೆ ಕೈಮುಗಿದು ಏನೋ ಹೇಳಿದ.

"ಏನಂತೆ?" ಎಂದು ಅಣ್ಣ ಗೋಡೆ ನೋಡಿಕೊಂಡೇ ನನ್ನನ್ನು ಕೇಳಿದ.

"ಅನ್ನ ಆಮೇಲೆ ಬರುತ್ತಂತೆ. ಮೊದ್ಲು ಇದನ್ನ ತಿನ್ಬೇಕಂತೆ. ನೀನು ಶುರು ಮಾಡ್ದೆ ಇದ್ರೆ ಯಾರೂ ಉಣ್ಣಲ್ಲ ಅಂತ ಕೂತಿದಾರೆ" ಎಂದೆ.

"ಯಾರೂ ಅಂದ್ರೆ?"

"ಅವನೂನೂ."

ನಾನು ಎಷ್ಟೋ ಹೆರಿಗೆ ಕಾದಿದ್ದೇನೆ, ಅಷ್ಟು ಹೊತ್ತು ಹಿಡಿದ ಹಾಗೆ ಯಾವುದೂ ಅನ್ನಿಸಿರಲಿಲ್ಲ. ಆಮೇಲೆ ಬಟ್ಟಲಿಗೆ ಚಮಚ ತಾಗಿದ ಸದ್ದಾಯಿತು. "ಹೂಂ, ಉಣ್ರಪ್ಪ" ಎಂದ. ಅಪ್ಪ ಹೋದಾಗಿನಿಂದ ನಮ್ಮ ಮನೆಯ ಪಂಕ್ತಿಗೆಲ್ಲ ಅವನು ಹೇಳುತ್ತಿದ್ದ ಮಾತು, ಅದೇ ದನಿ. ತಮ್ಮ ತಲೆ ಬಗ್ಗಿಸಿ ಆ ಹಳಸಿದ ಹಾಗಿದ್ದ ತಣ್ಣನೆಯ ಸೂಪನ್ನು ಒಂದು ತೊಟ್ಟೂ ಬಿಡದೆ ಕುಡಿದ. ನನಗೆ ಸಂತೋಷವಾಯಿತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಪೂರ್ತಿ ನಂಬಲಿಲ್ಲ. ಹಸಿವಿಗೆ ಅಂದಿರಬಹುದು, ಅಪರಿಚಿತನೊಬ್ಬ ಕೈಮುಗಿದನಲ್ಲ ಎಂದು ಅಂದಿರಬಹುದು. ಮುಖವಂತೂ ಇನ್ನೂ ಗೋಡೆ ಕಡೆಗೇ ಇತ್ತು.

ಆಮೇಲೆ ಒಂದೊಂದೇ ಬಂತು. ಮೆತ್ತನೆಯ ಬ್ರೆಡ್ಡು, ಎಲೆಗಳ ಒಂದು ರಾಶಿ, ಪನೀರು, ದಾಲು, ಕೊನೆಗೆ ಅನ್ನ. ಎಲೆಗಳನ್ನು ಅತ್ತಿಗೆ ಮುಟ್ಟದೆ, "ದನಕ್ಕೆ ಹಾಕೋ ಹಂಗೆ ಹಾಕವ್ರಲ್ಲ" ಎಂದಳು. ಅಣ್ಣ ಯಾವತ್ತೂ ಬೇಗ ಉಣ್ಣುವವನು. ತಮ್ಮ ನಿಧಾನ, ಈಗ ಹಿಂದಿನ ಹಲ್ಲುಗಳು ಬಿದ್ದ ಮೇಲೆ ಇನ್ನೂ ನಿಧಾನ. ಅಣ್ಣನ ತಟ್ಟೆ ಖಾಲಿಯಾಗಿ, ಐಸ್ ಕ್ರೀಮೂ ಮುಗಿದು, ಅದನ್ನೆಲ್ಲ ಎತ್ತಿಕೊಂಡು ಹೋದ ಮೇಲೂ ತಮ್ಮ ಅನ್ನ ಕಲಸುತ್ತಿದ್ದ. ಚಮಚ ಬಿಟ್ಟು ಕೈಯಲ್ಲೇ ಉಣ್ಣುತ್ತಿದ್ದ.

ಆಗ ಮೈಕು ಕೂಗಿತು. ಹಡಗು ಹೊರಡುವ ಮುಂಚೆ ಅಪಾಯವಾದರೆ ಏನು ಮಾಡಬೇಕೆಂದು ಎಲ್ಲರಿಗೂ ತೋರಿಸಿಕೊಡುತ್ತಾರಂತೆ, ಕಾರ್ಡಿನಲ್ಲಿ ಬರೆದಿರುವ ಜಾಗಕ್ಕೆ ಎಲ್ಲರೂ ಈಗಲೇ ಬರಬೇಕಂತೆ. ಹಾಲಿನಲ್ಲಿ ಇದ್ದವರೆಲ್ಲ ಕುರ್ಚಿ ಸರಿಸಿ ಎದ್ದರು. ಯಜಮಾನರಂತೂ ಸೀಟಿ ಕೇಳಿದ ಗಾರ್ಡಿನ ಹಾಗೆ ನೆಟ್ಟಗೆ ನಿಂತರು. "ಏಳೋ, ಸಾಕು" ಎಂದು ನಾನೂ ತಮ್ಮನಿಗೆ ಹೇಳಿದೆ. ಅತ್ತಿಗೆ ಅರ್ಧ ಎದ್ದಳು.

ಅಣ್ಣ ಅವಳಿಗೆ, "ಕೂತ್ಕ" ಎಂದ.

ಬಾಗಿಲಲ್ಲಿದ್ದ ಕೋಟಿನ ಹೆಂಗಸು ಒಳಗೆ ಬಂದಳು. ಹಾಲಿನಲ್ಲಿ ಉಳಿದಿದ್ದವರು ನಾವು ಮಾತ್ರ. ಅಣ್ಣನ ಮುಂದಿನ ಖಾಲಿ ಮೇಜನ್ನು ತೋರಿಸಿ, ನಿಮ್ಮದು ಮುಗಿಯಿತಲ್ಲ ಸರ್, ದಯವಿಟ್ಟು ಹೊರಡಿ, ತಡವಾಗುತ್ತಿದೆ ಎಂದು ಹಿಂದಿಯಲ್ಲಿ ಹೇಳಿದಳು. ಅಣ್ಣನಿಗೆ ಹಿಂದಿ ಬರುವುದಿಲ್ಲ, ಆದರೆ ಎದ್ದೇಳಿ ಎನ್ನುವುದು ಯಾವ ಭಾಷೆಯಲ್ಲೂ ಗೊತ್ತಾಗುತ್ತದೆ. ನಮ್ಮಲ್ಲಿ ಪಂಕ್ತಿಯಲ್ಲಿ ಒಬ್ಬನು ಉಣ್ಣುತ್ತಿದ್ದರೂ ಉಳಿದವರು ಏಳುವುದಿಲ್ಲ, ಹಿರಿಯನಂತೂ ಏಳುವುದೇ ಇಲ್ಲ, ಎದ್ದರೆ ಉಣ್ಣುವವನನ್ನು ಎಬ್ಬಿಸಿದ ಹಾಗೆ. ಇದನ್ನು ಆ ಹೆಂಗಸಿಗೆ ಹೇಗೆ ಹೇಳುವುದು ಎಂದು ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅಣ್ಣನೇ ಕುರ್ಚಿಯಲ್ಲಿ ಪೂರ್ತಿ ಇತ್ತ ತಿರುಗಿ, ಆಕೆಗೆ ಕನ್ನಡದಲ್ಲೇ ಹೇಳಿದ.

"ನನ್ ತಮ್ಮ ಇನ್ನೂ ಉಣ್ತಾವ್ನೆ ಕಣಮ್ಮ."

ಆಕೆ ಅರ್ಥವಾಗದೆ ನನ್ನ ಮುಖ ನೋಡಿದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಿತ್ತು. ಗಂಟಲು ಬೆಳೆದವಳು, ಊರನ್ನೆಲ್ಲ ಗದರಿಸಿದವಳು, ಕರವಸ್ತ್ರ ಸಿಗದೆ ಹಡಗಿನವರ ಮೇಜಿನ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡೆ. ಯಜಮಾನರೇ ಕೂತುಕೊಂಡು ಆಕೆಗೆ ಹೇಗೋ ತಿಳಿಸಿದರು. ಆಕೆ ಗಡಿಯಾರ ನೋಡಿ, ಸ್ವಲ್ಪ ಬೇಗ ಎಂದು ಹೇಳಿ ದೂರ ಹೋಗಿ ನಿಂತಳು.

ತಮ್ಮ ಅಗಿಯುವುದನ್ನು ನಿಲ್ಲಿಸಿದ್ದ. ತಟ್ಟೆಯಲ್ಲಿ ಒಂದೆರಡು ತುತ್ತು ಉಳಿದಿತ್ತು. ಅದನ್ನು ಉಂಡು ಮುಗಿಸಿದರೆ ಎಲ್ಲರೂ ಏಳಬಹುದಿತ್ತು. ಅವನು ಅದನ್ನು ನೋಡಿದ, ಇತ್ತ ತಿರುಗಿ ಕೂತಿದ್ದ ಅಣ್ಣನ ಮಂಡಿಯನ್ನು ನೋಡಿದ. ಆಮೇಲೆ ನನಗೆ, "ಅಕ್ಕ, ಇನ್ನೊಂಚೂರು ಅನ್ನ ಸಿಗ್ತದಾ ಕೇಳು" ಎಂದ.

ಅವನ ಹೊಟ್ಟೆ ಯಾವಾಗಲೋ ತುಂಬಿತ್ತು, ನನಗೆ ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು. "ಕೇಳವ್ವ, ಹಾಕಿಸ್ಕಳ್ಲಿ" ಎಂದ. ನಾನು ಎದ್ದು ಹೋಗಿ ಕೇಳಿದೆ.